28 ಮಿಲಿಮೀಟರ್ ಸಿಪಾಯಿಗಳು

ಆಷಾಢದ ಒಂದು ಮಂಗಳವಾರ ಬೆಳಗ್ಗೆ ಹತ್ತೂವರೆ. ನನ್ನ ಹಳೇ ಟೀಮಿನವರೆಲ್ಲ ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿ ಕೂತಿರೋ ಹೊತ್ತು. ನಾನು ಗಂಜಾಂನ ನಮ್ಮನೆ ಜಗಲಿ ಮೇಲೆ ಕೂತು ಒಬ್ಬ ಬ್ರಿಟಿಷ್ ಸಿಪಾಯಿಯ ಪ್ಯಾಂಟಿಗೆ ಬಣ್ಣ ಹಚ್ಚುತ್ತಿದ್ದೆ. ಸಿಪಾಯಿಯ ಎತ್ತರ 28 ಮಿಲಿಮೀಟರ್. ಅವನ ತಲೆ ತೊಗರಿಕಾಳಿನಷ್ಟು. ಕಣ್ಣು ರಾಗಿಕಾಳಿನ ಅರ್ಧವೂ ಇಲ್ಲ.

ಹಾಲು ಹಾಕೋಕೆ ಬಂದ ಎದುರುಮನೆ ಮಾವ ಒಂದು ನಿಮಿಷ ನಿಂತು ನೋಡಿದರು. "ಏನ್ಲಾ ಮಗ, ವರ್ಕ್ ಫ್ರಮ್ ಹೋಮ್ ಅಂದ್ರೆ ಇದೇನಾ?" ಅಂದರು. ನಾನು ನಕ್ಕೆ. ಅವರೂ ನಕ್ಕರು. ಅವರು ಹೋದ ಮೇಲೆ ನನ್ನ ಕೈ ನಡುಗಿ ಬಿಳಿ ಬಣ್ಣ ಸಿಪಾಯಿಯ ಬೂಟಿನ ಮೇಲೆ ಹರಿಯಿತು.

ಯಾಕಂದ್ರೆ ವರ್ಕ್ ಇರಲಿಲ್ಲ. ಬರೀ ಹೋಮ್ ಇತ್ತು. ಐದು ವಾರದ ಹಿಂದೆ ಒಂದು ಹದಿನೈದು ನಿಮಿಷದ ಕಾಲ್‌ನಲ್ಲಿ ನನ್ನ ಕೆಲಸ ಹೋಗಿತ್ತು. ಪಿ.ಜಿ. ಖಾಲಿ ಮಾಡಿ, ಕಂಪನಿ ಲ್ಯಾಪ್‌ಟಾಪ್ ವಾಪಸ್ ಕೊಟ್ಟು, ನನ್ನ ಕಾಲೇಜು ದಿನದ ಹಳೇ ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿಕೊಂಡು ಊರಿಗೆ ಬಂದಿದ್ದೆ. "ಮೂರು ತಿಂಗಳು ಮನೆಯಿಂದಲೇ ಕೆಲಸ" ಅಂತ ಅಪ್ಪ ಅಮ್ಮನಿಗೆ ಹೇಳಿದ್ದೆ. ಅಮ್ಮ ಖುಷಿಯಲ್ಲಿ ಆ ವಾರವೇ ನಿಮಿಷಾಂಬ ದೇವಸ್ಥಾನಕ್ಕೆ ಹೋಗಿ ನನ್ನ ಪ್ರಮೋಷನ್‌ಗೆ ಹರಕೆ ಹೊತ್ತು ಬಂದಿದ್ದಳು. ಬೇಡಿದ್ದನ್ನ ನಿಮಿಷದಲ್ಲಿ ಕೊಡೋ ತಾಯಿ ಅಂತ ನಮ್ಮೂರಿನ ನಂಬಿಕೆ. ನಾನು ಪ್ರಸಾದದ ಕುಂಕುಮ ಹಣೆಗೆ ಹಚ್ಚಿಕೊಂಡು ಸುಮ್ಮನಿದ್ದೆ.

ಈ ಸಿಪಾಯಿಗಳು ಬಂದಿದ್ದು ಬೆಂಗಳೂರಿನಿಂದಲೇ. ಶನಿವಾರ ಸಂಜೆ ನಾವು ಐದಾರು ಜನ ಸೇರಿ ಬೋರ್ಡ್ ಗೇಮ್ ಆಡುತ್ತಿದ್ದೆವು. ಅದರಲ್ಲಿ ಒಬ್ಬನಿಗೆ ವಾರ್‌ಗೇಮಿಂಗ್ ಹುಚ್ಚು. ಊಟದ ಮೇಜಿನಷ್ಟು ಜಾಗದಲ್ಲಿ ಗುಡ್ಡ, ಹೊಳೆ, ಸೇತುವೆ ಎಲ್ಲ ಜೋಡಿಸಿ, ಎರಡೂ ಕಡೆ ಪುಟ್ಟ ಸೈನ್ಯ ನಿಲ್ಲಿಸಿ, ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಮುಂದೆ ಸರಿಸಿ, ದಾಳ ಉರುಳಿಸಿ ಯುದ್ಧ ಮಾಡೋ ಆಟ. ಸೈನಿಕರು ಬಣ್ಣ ಇಲ್ಲದ ಪ್ಲಾಸ್ಟಿಕ್ ತುಂಡುಗಳಾಗಿ ಬರುತ್ತಾರೆ. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚೋದು ಆಡೋರ ಕೆಲಸ. ಎಷ್ಟೋ ಜನಕ್ಕೆ ಆಟಕ್ಕಿಂತ ಬಣ್ಣವೇ ಮುಖ್ಯ.

ಕೆಲಸ ಹೋದ ವಾರ ಅವನು ಒಂದು ಡಬ್ಬಿ ಕೈಗಿಟ್ಟ. ಒಳಗೆ ಹತ್ತು ಸಿಪಾಯಿಗಳು, ನೆಪೋಲಿಯನ್ ಕಾಲದ ಬ್ರಿಟಿಷ್ ಪದಾತಿಗಳು. "ಆಡದಿದ್ರೂ ಪರವಾಗಿಲ್ಲ. ಬಣ್ಣ ಹಚ್ಚು. ತಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತೆ" ಅಂದ.

ಈ ಆಟಕ್ಕೆ ದೊಡ್ಡ ಇತಿಹಾಸವೇ ಇದೆ. 1824ರಲ್ಲಿ ಪ್ರಷ್ಯಾದ ಸೇನೆ ತನ್ನ ಅಧಿಕಾರಿಗಳಿಗೆ ಯುದ್ಧ ಕಲಿಸೋಕೆ 'ಕ್ರೀಗ್‌ಷ್ಪೀಲ್' ಅನ್ನೋ ಮೇಜಿನ ಮೇಲಿನ ಆಟವನ್ನ ಒಪ್ಪಿಕೊಂಡಿತು. 1913ರಲ್ಲಿ ಎಚ್.ಜಿ. ವೆಲ್ಸ್, ಟೈಮ್ ಮಷೀನ್ ಕಥೆ ಬರೆದರಲ್ಲ ಅವರೇ, ಆಟಿಕೆ ಸಿಪಾಯಿಗಳನ್ನ ಇಟ್ಟುಕೊಂಡು ಆಡೋ ನಿಯಮಗಳ ಪುಸ್ತಕವನ್ನೇ ಬರೆದರು. 1983ರಲ್ಲಿ ಇಂಗ್ಲೆಂಡಿನಲ್ಲಿ 'ವಾರ್‌ಹ್ಯಾಮರ್' ಬಂದ ಮೇಲೆ ಇದು ಜಗತ್ತಿನಾದ್ಯಂತ ಹರಡಿತು. ಹಾಗಂತ ನಾವೇನು ಕಡಿಮೆ ಇಲ್ಲ. ಆನೆ, ಕುದುರೆ, ರಥ, ಕಾಲಾಳು ಇಟ್ಟುಕೊಂಡು ಚತುರಂಗ ಆಡಿದ ದೇಶ ನಮ್ಮದು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಹೊಸ ಹೊಸ ಮಣೆಯಾಟಗಳನ್ನ ಕಟ್ಟೋ ಗೀಳಿತ್ತು.

ಆದ್ರೆ ಗಂಜಾಂನಲ್ಲಿ ಕೂತು ಬ್ರಿಟಿಷ್ ಸಿಪಾಯಿಗೆ ಬಣ್ಣ ಹಚ್ಚೋದು ಸ್ವಲ್ಪ ತಮಾಷೆಯೇ. ಒಂದು ಪಕ್ಕ ಟಿಪ್ಪು, ಹೈದರ್ ಮಲಗಿರೋ ಗುಂಬಜ್, ಇನ್ನೊಂದು ಪಕ್ಕ ದರಿಯಾ ದೌಲತ್, ಅದರಾಚೆ ಕೋಟೆ. 1799ರ ಮೇ 4ರಂದು ಆ ಕೋಟೆ ಬಿದ್ದಿದ್ದು ಇಂಥ ಕೆಂಪು ಕೋಟಿನವರ ಕೈಯಲ್ಲೇ. ನಿಜ ಹೇಳಬೇಕಂದ್ರೆ ನನ್ನ ಡಬ್ಬಿಯ ಸಿಪಾಯಿಗಳು ಕೋಟೆ ಬಿದ್ದ ಮೇಲಿನ ಕಾಲದವರು. ಅವರ ತಲೆ ಮೇಲಿರೋ ಕೊಳವೆಯಂಥ ಎತ್ತರದ ಟೋಪಿ ಬ್ರಿಟಿಷ್ ಸೈನ್ಯಕ್ಕೆ ಬಂದಿದ್ದು 1800ರ ಸುಮಾರಿಗೆ. ಕೋಟಿನ ಕೆಂಪು ಮಾತ್ರ ಅದೇ ಕೆಂಪು.

ಮೊದಲನೇ ಸಿಪಾಯಿಯ ಕಥೆ ಹೇಳ್ತೀನಿ. ನೀವೂ ಶುರು ಮಾಡೋರಾದ್ರೆ ಇದರಿಂದ ಏನು ಮಾಡಬಾರದು ಅನ್ನೋದಾದ್ರೂ ಗೊತ್ತಾಗುತ್ತೆ.

ಮೊದಲ ತಪ್ಪು, ತೊಳೆಯಲಿಲ್ಲ. ಅಚ್ಚಿನಿಂದ ಬರೋ ಪ್ಲಾಸ್ಟಿಕ್ ಮೇಲೆ ಎಣ್ಣೆಯಂಥ ಜಿಡ್ಡು ಉಳಿದಿರಬಹುದು. ಸೋಪುನೀರಲ್ಲಿ ಹಳೇ ಟೂತ್‌ಬ್ರಶ್ ಹಾಕಿ ಉಜ್ಜಿ ಒಣಗಿಸಬೇಕು. ಎರಡನೇ ತಪ್ಪು, ಅಚ್ಚಿನ ಎರಡು ಭಾಗ ಸೇರೋ ಕಡೆ ಉಳಿಯೋ ಸಣ್ಣ ಏಣನ್ನ ಬ್ಲೇಡಿನಲ್ಲಿ ಕೆರೆಯಲಿಲ್ಲ. ಬಣ್ಣ ಹಚ್ಚೋವರೆಗೂ ಅದು ಕಣ್ಣಿಗೇ ಬೀಳೋದಿಲ್ಲ. ಹಚ್ಚಿದ ಮೇಲೆ ಮುಖದ ಮೇಲೆ ಹೊಲಿಗೆ ಹಾಕಿದಂಗೆ ಎದ್ದು ಕಾಣುತ್ತೆ.

ಮೂರನೇ ತಪ್ಪು ದೊಡ್ಡದು. ಬಣ್ಣ ಕಚ್ಚಿಕೊಳ್ಳಲಿ ಅಂತ ಮೊದಲು ಪ್ರೈಮರ್ ಹೊಡೀಬೇಕು. ಪೇಟೆಯಿಂದ ಗಾಡಿಗೆ ಹೊಡೆಯೋ ಕಪ್ಪು ಸ್ಪ್ರೇ ಡಬ್ಬಿ ತಂದು ಹಿತ್ತಲಲ್ಲಿ ಹೊಡೆದೆ. ಹೊರಗೆ ಜಿಟಿಜಿಟಿ ಮಳೆ. ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರಿಂದ ಹೊಳೆ ತುಂಬಿ ಗಾಳಿಯೆಲ್ಲ ತೇವ. ಇಂಥ ಹವೆಯಲ್ಲಿ ಸ್ಪ್ರೇ ಹೊಡೆದರೆ ಬಣ್ಣ ನುಣ್ಣಗೆ ಕೂರಲ್ಲ, ಪುಡಿಪುಡಿಯಾಗಿ ಕೂರುತ್ತೆ. ಸಿಪಾಯಿ ರವೆಯಲ್ಲಿ ಹೊರಳಾಡಿ ಎದ್ದವನಂಗೆ ಕಂಡ.

ನಾಲ್ಕನೇ ತಪ್ಪು, ಡಬ್ಬಿಯಿಂದ ಬಣ್ಣ ತೆಗೆದು ನೇರವಾಗಿ ಬಳಿದದ್ದು. ವಿದೇಶಿ ಬಣ್ಣದ ಒಂದು ಪುಟ್ಟ ಬಾಟಲಿಗೇ 300–400 ರೂಪಾಯಿ ಕೇಳ್ತಾರೆ. ಸಂಬಳ ಇಲ್ಲದವನಿಗೆ ಅದು ಯಾಕೆ? ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣ ತಂದಿದ್ದೆ. ಅದು ಗಟ್ಟಿ. ಕಪ್ಪಿನ ಮೇಲೆ ಕೆಂಪು ಹಚ್ಚಿದೆ, ಹುಣಸೆಹಣ್ಣಿನ ಬಣ್ಣ ಬಂತು. ಇನ್ನೊಂದು ಸಲ ಹಚ್ಚಿದೆ. ಮತ್ತೊಂದು ಸಲ ಹಚ್ಚಿದೆ. ಕೋಟಿನ ಗುಂಡಿ, ಮಡಿಕೆ, ಪಟ್ಟಿ ಎಲ್ಲ ಬಣ್ಣದೊಳಗೆ ಮುಳುಗಿ ಹೋದವು. ಕೊನೆಗೆ ಯೂಟ್ಯೂಬ್ ನೋಡಿ ಕಣ್ಣು ಬರೆಯೋಕೆ ಹೋದೆ. ಒಂದು ಕಣ್ಣು ಸರಿಯಾಗೇ ಬಂತು. ಇನ್ನೊಂದು ಕೆನ್ನೆಗೆ ಇಳಿಯಿತು. ಅದನ್ನ ಸರಿಮಾಡೋಕೆ ಹೋಗಿ ಮೊದಲನೇ ಕಣ್ಣೂ ಹೋಯ್ತು.

ಎರಡನೆಯವನೂ ಹಂಗೇ ಆದ. ಬಣ್ಣ ತೆಗೆದು ಮತ್ತೆ ಶುರು ಮಾಡೋಣ ಅಂತ ಹುಡುಕಿದೆ. ಇಂಗ್ಲೆಂಡಿನ ಹವ್ಯಾಸಿಗಳು ಡೆಟಾಲ್‌ನಲ್ಲಿ ನೆನೆಸಿಡ್ತಾರಂತೆ. ಅಮ್ಮನ ಬಚ್ಚಲುಮನೆ ಬಾಟಲಿ ಖಾಲಿ ಮಾಡಿ ಎರಡನೆಯವನನ್ನ ರಾತ್ರಿಯೆಲ್ಲ ಅದರಲ್ಲಿ ಮುಳುಗಿಸಿಟ್ಟೆ. ಬಣ್ಣ ಬಿಟ್ಟುಕೊಂಡಿದ್ದೇನೋ ನಿಜ. ಆದ್ರೆ ಡೆಟಾಲ್‌ನಲ್ಲೇ ಉಜ್ಜಿ ಪೂರ್ತಿ ತೆಗೆಯೋ ಮೊದಲು ನೀರಿಗೆ ಹಿಡೀಬಾರದು ಅನ್ನೋ ಸಾಲನ್ನ ನಾನು ಓದಿರಲಿಲ್ಲ. ನಲ್ಲಿ ಕೆಳಗೆ ಹಿಡಿದೆ. ಬಣ್ಣವೆಲ್ಲ ಹಲಸಿನ ಅಂಟಿನಂಗಾಗಿ ಸಿಪಾಯಿಗೂ ಬೆರಳಿಗೂ ಸಿಂಕಿಗೂ ಮೆತ್ತಿಕೊಂಡಿತು. ಮನೆಯೆಲ್ಲ ಆಸ್ಪತ್ರೆ ವಾಸನೆ.

"ಯಾರಿಗ್ಲಾ ಗಾಯ ಆಗಿರೋದು?" ಅಂತ ಅಪ್ಪ ಒಳಗೆ ಬಂದರು.

ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಬೋರ್ಡ್ ಬರೆಯೋರು. ಬರೆಯುತ್ತಿದ್ದರು ಅನ್ನಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅಂತ ಸೈಕಲ್ಲಿನಲ್ಲಿ, ಆಮೇಲೆ ಲೂನಾದಲ್ಲಿ ಓಡಾಡಿ ಅಂಗಡಿ, ಸ್ಕೂಲು, ಡೈರಿ, ಬಾರು, ಎಲ್ಲದರ ಹೆಸರು ಬರೆದವರು. ಎಲೆಕ್ಷನ್ ಬಂದರೆ ಎರಡೂ ಪಾರ್ಟಿಯ ಗೋಡೆ ಅವರದೇ. ನಾನು ಅ ಆ ಇ ಈ ಕಲಿತಿದ್ದು ಸ್ಲೇಟಿನ ಮೇಲಲ್ಲ. ಅಪ್ಪ ಸುಣ್ಣದಪುಡಿ ಹಚ್ಚಿದ ದಾರವನ್ನ ಮೀಟಿ ಗೆರೆ ಹಾಕಿ, ಅದರ ಮೇಲೆ ಬರೆದು ನೆರಳು ಕೊಟ್ಟ ತಗಡಿನ ಅಕ್ಷರಗಳ ಮೇಲೆ ಬೆರಳಾಡಿಸಿ ಕಲಿತೆ. ಆಮೇಲೆ ಫ್ಲೆಕ್ಸ್ ಬಂತು. ಅಪ್ಪ ಮೈಸೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿದರು. ನನ್ನ ಇಂಜಿನಿಯರಿಂಗ್ ಮುಗಿದಿದ್ದು ಆ ಲೆಕ್ಕದ ಪುಸ್ತಕದಲ್ಲಿ. ಬ್ರಶ್ಶುಗಳು ಅಟ್ಟ ಸೇರಿದವು. ಈಗ ಅಪ್ಪನಿಗೆ ಅರವತ್ತನಾಲ್ಕು.

ಸಿಂಕಿನಲ್ಲಿದ್ದ ಅಂಟುಮುದ್ದೆಯನ್ನ ನೋಡಿದರು. ಕಿಟಕಿ ಮೇಲಿದ್ದ ಮೊದಲನೇ ಸಿಪಾಯಿಯನ್ನ ಎತ್ತಿಕೊಂಡು ಕನ್ನಡಕ ಹಣೆ ಮೇಲೆ ಏರಿಸಿ, ಮೂಗಿನ ಹತ್ತಿರ ಹಿಡಿದು ನೋಡಿದರು. ನಗ್ತಾರೆ ಅಂದುಕೊಂಡೆ.

"ಕೆಳಗೆ ಕಪ್ಪು ಹೊಡೆದಿದ್ದೀಯಾ?" ಅಂದರು.

"ಹೂಂ."

"ಕೆಂಪು ಏನನ್ನೂ ಮುಚ್ಚಲ್ಲ ಕಣ್ಲಾ. ಹಸಿರು ಮುಚ್ಚುತ್ತೆ, ನೀಲಿ ಮುಚ್ಚುತ್ತೆ. ಕೆಂಪಿಗೆ ಆ ಗುಣ ಇಲ್ಲ. ಕೆಳಗೆ ಏನಿರುತ್ತೋ ಅದನ್ನ ತೋರಿಸಿಬಿಡುತ್ತೆ. ಕೆಂಪು ಬೋರ್ಡು ಅಂದ್ರೆ ಅದಕ್ಕೇ ರೇಟು ಜಾಸ್ತಿ ಹೇಳ್ತಿದ್ದೆ. ಕೆಳಗೆ ಒಂದು ಕೈ ಬಿಳಿ ಹೊಡಿ. ಇಲ್ಲಾಂದ್ರೆ ತೆಳು ಗುಲಾಬಿ. ಆಮೇಲೆ ಕೆಂಪು, ಹಾಲಿನಂಗೆ ನೀರು ಮಾಡ್ಕೊಂಡು ಎರಡು ಕೈ. ಒಂದೇ ಸಲಕ್ಕೆ ಮುಗಿಸಬೇಕು ಅಂತ ಹೋಗೋನೇ ಕೆಡಿಸೋದು."

ನಾನು ಬಾಯಿಬಿಟ್ಟುಕೊಂಡು ನಿಂತೆ. ಹಿಂದಿನ ರಾತ್ರಿ ನೋಡಿದ ಅರ್ಧ ಗಂಟೆಯ ವಿಡಿಯೋದಲ್ಲಿ ಒಬ್ಬ ಬಿಳಿಯ ಇದನ್ನೇ ಹೇಳಿದ್ದ. ಈ ಹವ್ಯಾಸದಲ್ಲಿ ಎಲ್ಲರೂ ಹೇಳೋ ಮೊದಲ ಪಾಠ, ದಪ್ಪಗೆ ಒಂದು ಸಲ ಬೇಡ, ತೆಳ್ಳಗೆ ಎರಡು ಸಲ. ಅಪ್ಪ ಅದನ್ನ ನಾಗಮಂಗಲದ ತಗಡಿನ ಮೇಲೆ ಕಲಿತಿದ್ದರು.

ಸಂಜೆ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಯಿತು. ಒಳಗೆ ಕೊಬ್ಬರಿ ಎಣ್ಣೆ ಸವರಿ ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿಟ್ಟ ಬ್ರಶ್ಶುಗಳು. ಬಹಳಷ್ಟು ಉದುರಿ ಹೋಗಿದ್ದವು. ಎರಡು ಚೆನ್ನಾಗಿದ್ದವು, ಅದರಲ್ಲಿ ಒಂದು ಸೊನ್ನೆ ನಂಬರಿಂದು. "ಅಕ್ಷರದ ಒಳಗೆ ಮಿಂಚು ಕೊಡೋಕೆ ಇಟ್ಕೊಂಡಿದ್ದು" ಅಂದರು. ಸೋಪು ಹಾಕಿ ಎಣ್ಣೆ ತೊಳೆದು ತುದಿ ಚೂಪು ಮಾಡಿ ಕೊಟ್ಟರು. ಬಣ್ಣ ಬ್ರಶ್ಶಿನ ತಗಡಿನ ಕೊರಳಿಗೆ ತಾಗಬಾರದು ಅಂತ ಹೇಳಿದರು. ತಾಗಿದರೆ ಒಳಗೇ ಒಣಗಿ, ಕೂದಲು ಪೊರಕೆಯಂಗೆ ಅಗಲ ಆಗುತ್ತಂತೆ.

ಆಮೇಲಿನ ದಿನಗಳಲ್ಲಿ ಜಗಲಿ ಮೇಲೆ ಒಂದು ಸಣ್ಣ ವರ್ಕ್‌ಶಾಪ್ ಶುರುವಾಯ್ತು. ಖಾಲಿ ಟಾನಿಕ್ ಬಾಟಲಿಯ ಮುಚ್ಚಳಕ್ಕೆ ಸಿಪಾಯಿಯನ್ನ ಅಂಟಿಸಿದೆವು, ಹಿಡಿಯೋಕೆ ಹಿಡಿಕೆ ಬೇಕಲ್ಲ. ಹಳೇ ಊಟದ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್, ಅದರ ಮೇಲೆ ಬಣ್ಣ. ಬೇಗ ಒಣಗಲ್ಲ. ಮಳೆ ಬಿಟ್ಟು ಒಳ್ಳೇ ಬಿಸಿಲು ಬಂದ ಒಂದು ಮಧ್ಯಾಹ್ನ ಕಾದು ಉಳಿದ ಎಂಟು ಜನಕ್ಕೆ ಬಿಳಿ ಪ್ರೈಮರ್ ಹೊಡೆದೆ. ಈ ಸಲ ನುಣ್ಣಗೆ ಕೂತಿತು.

ಕೈ ನಡುಗೋದಕ್ಕೂ ಅಪ್ಪನ ಹತ್ತಿರ ಮದ್ದಿತ್ತು. ದೊಡ್ಡ ಬೋರ್ಡು ಬರೆಯೋವಾಗ ಎಡಗೈಯಲ್ಲಿ ಒಂದು ಕೋಲನ್ನ ಅಡ್ಡ ಹಿಡಿದು, ಬಲಗೈಯನ್ನ ಅದರ ಮೇಲೆ ಊರಿ ಬರೀತಿದ್ದರು. ಇಷ್ಟು ಸಣ್ಣ ಸಿಪಾಯಿಗೆ ಕೋಲು ಎಲ್ಲಿ? "ಎರಡೂ ಮಣಿಕಟ್ಟು ಜೋಡಿಸು. ನಡುಗಿದ್ರೆ ಎರಡೂ ಒಟ್ಟಿಗೆ ನಡುಗಲಿ. ಗೆರೆ ಎಳೆಯೋವಾಗ ಉಸಿರು ಬಿಡು, ಕಟ್ಟಬೇಡ." ಎದೆ ಮೇಲೆ ಅಡ್ಡ ಹೋಗೋ ಬಿಳೀ ಪಟ್ಟಿ, ಕೂದಲಿಗಿಂತ ಸ್ವಲ್ಪ ದಪ್ಪ, ಮೊದಲ ಸಲ ನೇರ ಬಂತು. ಅಪ್ಪ ತಾವೇ ಒಂದು ಪಟ್ಟಿ ಎಳೆಯೋಕೆ ನೋಡಿದರು. ಬ್ರಶ್ಶಿನ ತುದಿ ಸಿಪಾಯಿಯ ಸುತ್ತ ಗಾಳಿಯಲ್ಲೇ ಅಲ್ಲಾಡಿತು. ಎರಡು ಸಲ ನೋಡಿ ಬ್ರಶ್ಶನ್ನ ನನ್ನ ಕೈಗೆ ಕೊಟ್ಟರು. "ಇಷ್ಟು ಸಣ್ಣದು ನನಗೆ ಕಾಣಲ್ಲ" ಅಂದರು. ಕಾಣದಿರೋದು ಮಾತ್ರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಒಂದು ಗಲಾಟೆ ಮಾತ್ರ ಬಗೆಹರಿಯಲಿಲ್ಲ. ಮುಖ. ಕಣ್ಣು ಬರೆಯೋಕೆ ಹೋದಾಗೆಲ್ಲ ಸಿಪಾಯಿ ಗಾಬರಿಬಿದ್ದವನಂಗೆ ಕಾಣುತ್ತಿದ್ದ. ನಾನು ಮೂರು ದಿನ ಅದರ ಮೇಲೇ ಕೂತೆ. ರಾತ್ರಿ ಹನ್ನೆರಡಕ್ಕೆ ಲೈಟು ಹಾಕಿಕೊಂಡು ಅಳಿಸಿ ಬರೆದು, ಅಳಿಸಿ ಬರೆದು ಕೂತಿರೋದನ್ನ ಅಪ್ಪ ನೋಡಿದ್ದರು. ಬೆಳಗ್ಗೆ, "ನಡಿ, ದೌಲತ್‌ಬಾಗಿಗೆ ಹೋಗಿ ಬರಾಣ. ಅಲ್ಲಿ ಸಾವಿರ ಮುಖ ಇದಾವೆ" ಅಂದರು.

ಮನೆಯಿಂದ ಸ್ಕೂಟರಿನಲ್ಲಿ ಐದು ನಿಮಿಷ. ಸ್ಕೂಲ್ ಟ್ರಿಪ್‌ನಲ್ಲಿ ಬಂದ ಮಕ್ಕಳಂಗೆ ನಾವು ಊರಿನವರು ಅದನ್ನ ನೋಡೋದೇ ಇಲ್ಲ. ನಾನು ಒಳಗೆ ಹೋಗಿ ಹತ್ತು ವರ್ಷದ ಮೇಲಾಗಿತ್ತು. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಅರಮನೆ. ಹೊರಗೋಡೆಗಳ ತುಂಬ ಚಿತ್ರ. ಪಶ್ಚಿಮದ ಗೋಡೆ ಮೇಲೆ ಪೊಲ್ಲಿಲೂರು ಯುದ್ಧ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್, ಟಿಪ್ಪು ಸೇರಿ ಕರ್ನಲ್ ವಿಲಿಯಂ ಬೈಲಿಯ ಪಡೆಯನ್ನ ಸೋಲಿಸಿದ ಯುದ್ಧ. ನಡುವೆ ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತ ಕೆಂಪು ಕೋಟಿನ ಸಿಪಾಯಿಗಳು. ಅವರ ಮದ್ದಿನ ಗಾಡಿ ಸಿಡಿದು ಬೆಂಕಿ ಎದ್ದಿದೆ. ಸುತ್ತ ಮೈಸೂರಿನ ಕುದುರೆ ಸವಾರರು. ಪಲ್ಲಕ್ಕಿಯಲ್ಲಿ ಏನೂ ಮಾಡಲಾಗದೆ ಕೂತ ಬೈಲಿ. ಆ ಬೈಲಿ ಸೆರೆಯಾಳಾಗಿ ನಮ್ಮೂರಿಗೇ ಬಂದು 1782ರಲ್ಲಿ ಇಲ್ಲೇ ತೀರಿಕೊಂಡ. ಗುಂಬಜ್ ಹತ್ತಿರ ಅವನ ಸ್ಮಾರಕ ಇದೆ, 1816ರಲ್ಲಿ ಅವನ ಅಣ್ಣನ ಅಥವಾ ತಮ್ಮನ ಮಗ ಕಟ್ಟಿಸಿದ್ದು. ಚಿಕ್ಕಂದಿನಲ್ಲಿ ನಾವು ಆಟ ಆಡಿ ಸುಸ್ತಾದರೆ ನೆರಳಿಗೆ ಕೂರುತ್ತಿದ್ದ ಜಾಗ.

ಅಪ್ಪ ಇತಿಹಾಸ ನೋಡಲಿಲ್ಲ, ಕೆಲಸ ನೋಡಿದರು. ಎಷ್ಟೋ ಹೊತ್ತು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಮುಖ ನೋಡು. ಸಾಲಿನಲ್ಲಿ ನಿಂತೋರಿಗೆಲ್ಲ ಒಂದೇ ಮುಖ. ಒಂದೇ ಮೂಗು, ಒಂದೇ ಮೀಸೆ. ಬರೆದೋನಿಗೆ ಬೇರೆ ಬೇರೆ ಬರೆಯೋಕೆ ಬರ್ತಿರ್ಲಿಲ್ಲ ಅಂತಲ್ಲ. ಸೈನ್ಯ ಕಾಣಬೇಕಿತ್ತು ಅವನಿಗೆ. ದೊಡ್ಡೋರ ಮುಖ ಮಾತ್ರ ಬಿಡಿಸಿ ಬರೆದವನೆ. ಬೋರ್ಡೂ ಹಂಗೇನೆ. ರೋಡಿನಲ್ಲಿ ಹೋಗೋನಿಗೆ ಕಂಡ್ರೆ ಸಾಕು. ನೀನು ಮೂಗಿಗೆ ಅಂಟಿಸ್ಕೊಂಡು ನೋಡ್ತಿದ್ದೀಯಾ. ಮೇಜಿನ ಮೇಲೆ ಇಟ್ಟು ಒಂದು ಮಾರು ದೂರ ನಿಂತು ನೋಡು. ಕಣ್ಣಿರೋ ಜಾಗದಲ್ಲಿ ನೆರಳಿದ್ರೆ ಸಾಕು."

ಇನ್ನೊಂದು ಮಾತು ಅಲ್ಲೇ ನೆನಪಾಯ್ತು. ಈ ಚಿತ್ರ ನಾವು ನೋಡ್ತಿರೋ ಹಾಗೇ 1784ರಿಂದ ಉಳಿದುಕೊಂಡು ಬಂದದ್ದಲ್ಲ. ಯುದ್ಧಗಳ ಕಾಲದಲ್ಲಿ ಹಾಳಾಗಿ, 1799ರ ನಂತರ ಇಲ್ಲಿ ವಾಸ ಇದ್ದ ಆರ್ಥರ್ ವೆಲ್ಲೆಸ್ಲಿ ಸರಿಮಾಡಿಸಿದ. ನೆಪೋಲಿಯನ್‌ನನ್ನ ಸೋಲಿಸಿದ ವೆಲ್ಲಿಂಗ್ಟನ್ ಅಂತ ಆಮೇಲೆ ಹೆಸರಾದವನೇ ಅವನು. ಮತ್ತೆ ಮಾಸಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಕಂಡಿತು. ಸೋತವರೇ ತಮ್ಮ ಸೋಲಿನ ಚಿತ್ರಕ್ಕೆ ಬಣ್ಣ ಹಾಕಿಸಿದ್ದಾರೆ. ಇದನ್ನ ಅಪ್ಪನಿಗೆ ಹೇಳಿದೆ. ಅಪ್ಪ ಗೋಡೆ ಮೇಲಿಂದ ಕಣ್ಣು ತೆಗೆಯದೇ, "ಬಣ್ಣ ಅಂದಮೇಲೆ ಮಾಸುತ್ತೆ. ಮತ್ತೆ ಹಚ್ಚೋದಪ್ಪ" ಅಂದರು.

ಹೊರಗೆ ಬಂದು ತೋಟದ ಬೆಂಚಿನ ಮೇಲೆ ಕೂತೆವು. ಕಡಲೆಕಾಯಿ ತಂದರು. ಎರಡು ಬಿಡಿಸಿ ಬಾಯಿಗೆ ಹಾಕಿಕೊಂಡು, ಬೇರೇನೋ ಮಾತಾಡೋ ಹಾಗೆ ಕೇಳಿದರು. "ಕೆಲಸ ಯಾವಾಗ ಹೋಯ್ತು?"

ಕೈಯಲ್ಲಿದ್ದ ಕಡಲೆಕಾಯಿ ಹಾಗೇ ಹಿಡಿದುಕೊಂಡೆ.

"ಏಳು ವಾರ ಆಯ್ತು" ಅಂದೆ. "ಹೆಂಗೆ ಗೊತ್ತಾಯ್ತು?"

"ಮುಂಚೆ ರಜಕ್ಕೆ ಬಂದಾಗ್ಲೂ ಫೋನಿನಲ್ಲಿ ಯಾರನ್ನೋ ಬೈಕೊಂಡು ತಿರುಗ್ತಿದ್ದೆ. ಈ ಸಲ ಬಂದಾಗಿಂದ ಯಾರನ್ನೂ ಬೈದಿಲ್ಲ."

ಏನು ಹೇಳಬೇಕೋ ಗೊತ್ತಾಗಲಿಲ್ಲ. ಅಪ್ಪನೇ ಮುಂದುವರಿಸಿದರು. ಆ ಮಾತನ್ನ ನಾನು ಮೊದಲ ಸಲ ಕೇಳಿದ್ದು. ಫ್ಲೆಕ್ಸ್ ಬಂದ ವರ್ಷ ಮೂರು ತಿಂಗಳು ಒಂದೂ ಬೋರ್ಡು ಸಿಕ್ಕಿರಲಿಲ್ಲವಂತೆ. ಅಮ್ಮನಿಗೆ ಹೇಳೋಕೆ ಬಾಯಿ ಬರಲಿಲ್ಲ. ದಿನಾ ಬೆಳಗ್ಗೆ ಬ್ರಶ್ಶಿನ ಪೆಟ್ಟಿಗೆ ಲೂನಾಕ್ಕೆ ಕಟ್ಟಿಕೊಂಡು ಹೊರಡೋರು. ಸಂಗಮದ ಹತ್ತಿರ ಹೊಳೆ ದಡದಲ್ಲಿ ಸಂಜೆವರೆಗೂ ಕೂತು ವಾಪಸ್ ಬರೋರು. "ನಿಮ್ಮಮ್ಮ ಒಂದಿನ ನನ್ನ ಅಂಗಿ ಒಗೆಯೋವಾಗ ಕೇಳಿದ್ಲು, ಯಾಕೆ ಈಚೆಗೆ ಬಟ್ಟೆ ಮೇಲೆ ಒಂದು ತೊಟ್ಟೂ ಬಣ್ಣ ಇಲ್ಲ ಅಂತ."

ನನಗೆ ಆಗ ಎಂಟೋ ಒಂಬತ್ತೋ ವರ್ಷ. ಅಪ್ಪ ದಿನಾ ಕೆಲಸಕ್ಕೆ ಹೋಗ್ತಾರೆ ಅಂತಲೇ ನಾನೂ ಅಂದುಕೊಂಡಿದ್ದೆ.

"ಸಾಲ ಎಷ್ಟಿದೆ?" ಅಂದರು.

"ಬೈಕಿಂದು. ಇನ್ನು ಎಂಟು ಕಂತು. ಕೈಲಿರೋ ದುಡ್ಡು ನಾಲ್ಕು ತಿಂಗಳಿಗೆ ಆಗುತ್ತೆ."

"ಹಂಗಾದ್ರೆ ಅಳೋ ಅಂಥದ್ದೇನಿಲ್ಲ. ಅಮ್ಮಂಗೆ ನಾನು ಹೇಳ್ಲಾ?"

"ಬೇಡಪ್ಪ. ನಾನೇ ಹೇಳ್ತೀನಿ."

ಅಪ್ಪ ಸಿಪ್ಪೆಯನ್ನೆಲ್ಲ ಕಾಗದಕ್ಕೆ ಹಾಕಿ ಮಡಚಿದರು. ಹೆಗಲ ಮೇಲೆ ಕೈ ಹಾಕಲಿಲ್ಲ, ಉಪದೇಶ ಮಾಡಲಿಲ್ಲ. ಸ್ಕೂಟರ್ ಹತ್ತಿದ ಮೇಲೆ ಹಿಂದಿನಿಂದ ಒಂದೇ ಮಾತು ಹೇಳಿದರು. "ನಿಧಾನಕ್ಕೆ ಓಡ್ಸು. ಹಂಪು ಅವೆ."

ಅಮ್ಮನಿಗೆ ರಾತ್ರಿ ಊಟ ಬಡಿಸೋವಾಗ ಹೇಳಿದೆ. ಮುದ್ದೆ ಕಟ್ಟುತ್ತಿದ್ದ ಕೈ ನಿಂತಿತು. ಅಳ್ತಾಳೆ ಅಂದುಕೊಂಡೆ. ಅವಳಿಗೆ ಬಂದಿದ್ದು ಕೋಪ. "ಅಲ್ಲ ಕಣೋ, ನಾನು ಪ್ರಮೋಷನ್‌ಗೆ ಅಂತ ಹರಕೆ ಹೊತ್ತು ಬಂದಿದೀನಿ. ಇಲ್ಲದ ಕೆಲಸಕ್ಕೆ ಆ ತಾಯಿ ಪ್ರಮೋಷನ್ ಎಲ್ಲಿಂದ ಕೊಡ್ತಾಳೆ? ಮೊದಲೇ ಹೇಳಿದ್ರೆ ಕೆಲಸಕ್ಕೆ ಅಂತಲೇ ಹೊತ್ಕೋತಿದ್ದೆ. ಎಷ್ಟು ವಾರ ದಂಡ ಆಯ್ತು!" ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು, ನಾನು ಬೇಡ ಅಂದರೂ. ಪಾತ್ರೆ ತೊಳೆಯೋವಾಗ ಮಾತ್ರ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ಇದ್ದಳು. ಮರುದಿನ ಶುಕ್ರವಾರ. ಬೆಳಗ್ಗೆ ಐದಕ್ಕೇ ಎದ್ದು ಹರಕೆ ತಿದ್ದಿಸೋಕೆ ದೇವಸ್ಥಾನಕ್ಕೆ ಹೋದಳು.

ಸಿಪಾಯಿಗಳು ಮುಗಿಯೋಕೆ ಇನ್ನೂ ಮೂರು ವಾರ ಹಿಡಿಯಿತು. ಬಿಳಿ ಮೇಲೆ ಕೆಂಪು, ಎರಡು ಕೈ. ಅದು ಒಣಗಿದ ಮೇಲೆ ಕಂದು ಬಣ್ಣವನ್ನ ಚಹಾದಷ್ಟು ತೆಳ್ಳಗೆ ಮಾಡಿ ಮೈಮೇಲೆಲ್ಲ ಹರಿಸಿದೆ. ಅದು ಮಡಿಕೆಗಳ ಒಳಗೆ ಇಳಿದು ತಾನೇ ನೆರಳಾಗುತ್ತೆ. ಕಣ್ಣಿನ ಕುಳಿಗೂ ಅದೇ ಇಳಿಯಿತು. ಅಷ್ಟೇ, ಕಣ್ಣು ಬರೆಯಲೇ ಇಲ್ಲ. ಕಾಲರಿಗೆ, ತೋಳಿನ ಪಟ್ಟಿಗೆ ಹಳದಿ. ಬ್ರಿಟಿಷ್ ಸೈನ್ಯದಲ್ಲಿ ಒಂದೊಂದು ರೆಜಿಮೆಂಟಿಗೆ ಒಂದೊಂದು ಬಣ್ಣ ಇರುತ್ತಿತ್ತು, ದೂರದಿಂದಲೇ ಯಾರ ಪಡೆ ಅಂತ ಗೊತ್ತಾಗಲಿ ಅಂತ. ಕೊನೆಗೆ ವಾರ್ನಿಷ್. ಕಾಲ ಕೆಳಗಿನ ಬಿಲ್ಲೆಗೆ ಅಂಟು ಹಚ್ಚಿ ಕಾವೇರಿ ದಡದ ಮರಳು ಉದುರಿಸಿದೆ. ಅಂಗಡಿಯಲ್ಲಿ ಇದನ್ನೂ ಪ್ಯಾಕೆಟ್‌ನಲ್ಲಿ ಮಾರ್ತಾರೆ ಅಂದಾಗ ಅಪ್ಪ ನಂಬಲಿಲ್ಲ.

ಅಂಟುಮುದ್ದೆಯಾಗಿದ್ದ ಎರಡನೆಯವನೂ ಬದುಕಿಕೊಂಡ. ಹೊಸ ಡೆಟಾಲ್, ಟೂತ್‌ಬ್ರಶ್, ಎರಡು ಗಂಟೆ. ಮೊದಲನೆಯವನನ್ನೂ ಅದರಲ್ಲೇ ಹಾಕೋಕೆ ಹೋದಾಗ ಅಪ್ಪ ತಡೆದರು.

"ಅವನು ಇರಲಿ. ಮೊದಲನೇ ಬೋರ್ಡು ಅಳಿಸಬಾರದು."

ಅಪ್ಪ ತಮ್ಮ ಮೊದಲನೇ ಬೋರ್ಡಿನ ಕಥೆ ಹೇಳಿದ್ದು ಆಗಲೇ. ಪಾಂಡವಪುರದ ಹತ್ತಿರ ಒಂದು ಸೈಕಲ್ ರಿಪೇರಿ ಅಂಗಡಿ. ಹದಿನೆಂಟು ವರ್ಷ ಅಪ್ಪನಿಗೆ. ನೀಲಿ ತಗಡಿನ ಮೇಲೆ ಹಳದಿ ಅಕ್ಷರ, ಕೆಂಪು ನೆರಳು. ದೊಡ್ಡದಾಗಿ ಬರೆದು ನೇತು ಹಾಕಿ, ದೂರ ನಿಂತು ನೋಡಿದರೆ 'ಸೈಕಲ್ ಶಾಪ' ಅಂತಿತ್ತು. 'ಪ'ವನ್ನ 'ಪ್' ಮಾಡೋದು ಮರೆತಿದ್ದರು. ಮಾಲೀಕರಿಗೆ ಓದು ಬರುತ್ತಿರಲಿಲ್ಲ. ಅವರು ಸಂತೋಷವಾಗಿ ಕಾಸು ಕೊಟ್ಟು ಕಾಫಿ ಕುಡಿಸಿ ಕಳಿಸಿದರು. ಅಪ್ಪನಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಗಾಗೋ ಮೊದಲೇ ಸೈಕಲ್ ತುಳಿದುಕೊಂಡು ಹೋಗಿ, ಅಂಗಡಿ ಬಾಗಿಲು ತೆಗೆಯೋದರೊಳಗೆ ಏಣಿ ಹಾಕಿ ಶಾಪ ವಿಮೋಚನೆ ಮಾಡಿ ಬಂದರಂತೆ. "ಆ ಪ್ ಸ್ವಲ್ಪ ಸೊಟ್ಟಗೇ ಇತ್ತು. ಆ ಕಡೆ ಹೋದಾಗೆಲ್ಲ ನೋಡ್ಕೊಂಡು ಬರ್ತಿದ್ದೆ."

ಈಗ ಒಂಬತ್ತು ಜನ ನೆಟ್ಟಗಿರೋರು, ಒಬ್ಬ ಹುಣಸೆಹಣ್ಣಿನ ಬಣ್ಣದವನು, ಒಟ್ಟು ಹತ್ತು ಸಿಪಾಯಿಗಳು ನಮ್ಮನೆ ಟಿವಿ ಪಕ್ಕ ನಿಂತಿದ್ದಾರೆ. ಅಮ್ಮ ದಸರಾ ಗೊಂಬೆಯ ಕೊನೇ ಮೆಟ್ಟಿಲಿಗೆ ಇವರನ್ನ ಗೊತ್ತುಮಾಡಿದ್ದಾಳೆ, ಅಂಬಾರಿ ಮುಂದೆ ಪೊಲೀಸ್ ಬ್ಯಾಂಡಿನ ಜೊತೆ. ಬ್ರಿಟಿಷರು ಅಂದರೂ ಕೇಳಿಲ್ಲ. "ಡ್ರೆಸ್ಸು ಚೆನ್ನಾಗಿದೆ" ಅಂತಾಳೆ. ಧೂಳು ಹೊಡೆಯೋವಾಗ ಒಬ್ಬನ ಬಂದೂಕಿನ ಬಾಯ್ನೆಟ್ ಮುರಿದಿದ್ದಾಳೆ.

ಎರಡು ಇಂಟರ್‌ವ್ಯೂ ಆಗಿವೆ. ಒಂದು ಹೋಯ್ತು. ಇನ್ನೊಂದರ ಮೂರನೇ ರೌಂಡ್ ಬರೋ ಗುರುವಾರ. ಹಿಂದಿನ ಸಲ ಎರಡು ವರ್ಷದಿಂದ ಕಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳೋಕೆ ಹೋಗಿ ಎಡವಿದ್ದೆ. ಈ ಸಲ ಮಣಿಕಟ್ಟು ಜೋಡಿಸಿಕೊಂಡು ಕೂರ್ತೀನಿ. ಕ್ಯಾಮೆರಾದಲ್ಲಿ ಅದು ಕಾಣೋದಿಲ್ಲ.

ನಿನ್ನೆ ಬೆಂಗಳೂರಿನ ಗೆಳೆಯನಿಗೆ ಫೋಟೋ ಕಳಿಸಿದೆ. "ಮುಂದಿನ ಡಬ್ಬಿ ಯಾವುದು?" ಅಂತ ಕೇಳಿದ. ಮೈಸೂರಿನ ಕುದುರೆ ಸವಾರರು ಸಿಗ್ತಾರಾ ನೋಡು ಅಂದೆ. ಗುಂಬಜ್ ಒಳಗಿನ ಗೋಡೆಯಲ್ಲಿರೋ ಹುಲಿಪಟ್ಟೆಯನ್ನ ಅಪ್ಪ ಮೊನ್ನೆ ಹೋಗಿ ಅರ್ಧ ಗಂಟೆ ನೋಡಿಕೊಂಡು ಬಂದಿದ್ದಾರೆ. ಹಳದಿ ಮೊದಲು, ಪಟ್ಟೆ ಆಮೇಲೆ ಅಂತೆ. ಅವರ ಅಂಗಿ ತೋಳಿನ ಮೇಲೆ ಒಂದು ತೊಟ್ಟು ಕೆಂಪು ಬಣ್ಣ ಇದೆ. ಅಮ್ಮ ಅದನ್ನ ಇನ್ನೂ ಒಗೆಯೋಕೆ ಹಾಕಿಲ್ಲ.